ಬಡತನ ಮತ್ತು ಆಧುನಿಕ ಗುಲಾಮಗಿರಿಯ ವಿರುದ್ಧ ಚರ್ಚ್ ಗುಂಪಿನ ಅಭಿಯಾನ: ಮೊದಲ ಮೀಟಿಂಗಿನಿಂದ ಲಿಖಿತ ಉತ್ತರದವರೆಗೆ

1998ರ ಮೇ 16ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಶ್ರೀಮಂತ ದೇಶಗಳ ನಾಯಕರ ಶೃಂಗಸಭೆ ನಡೆಯುತ್ತಿದ್ದಾಗ ಸುಮಾರು 70,000 ಜನ ಕೈ ಕೈ ಹಿಡಿದು ನಗರದಲ್ಲಿ ಮಾನವ ಸರಪಳಿ ಕಟ್ಟಿದರು. ಅವರಲ್ಲಿ ದೊಡ್ಡ ಪಾಲು ಚರ್ಚುಗಳಿಂದ ಬಂದವರು. ಜೂಬಿಲಿ 2000 ಎಂಬ ಆ ಅಭಿಯಾನದ ಬೇಡಿಕೆ ಒಂದೇ ಸಾಲಿನದು: ಬಡ ದೇಶಗಳು ತೀರಿಸಲಾಗದ ಸಾಲವನ್ನು 2000ನೇ ಇಸವಿಯೊಳಗೆ ಮನ್ನಾ ಮಾಡಿ. ಬೈಬಲಿನ ಯಾಜಕಕಾಂಡ 25ನೇ ಅಧ್ಯಾಯದ ಐವತ್ತನೆಯ ವರ್ಷದ ಬಿಡುಗಡೆಯಿಂದ ತೆಗೆದ ಮಾತು ‘ಜೂಬಿಲಿ’. ಮರುವರ್ಷ ಕಲೋನ್ ಶೃಂಗಸಭೆಯಲ್ಲಿ ಸಾಲ ಪರಿಹಾರದ ಯೋಜನೆಯನ್ನು ಹಿಗ್ಗಿಸಲು ಅದೇ ದೇಶಗಳ ನಾಯಕರು ಒಪ್ಪಬೇಕಾಯಿತು.

ಅಷ್ಟು ಜನ ಸೇರಿದ್ದು ದೊಡ್ಡ ವಿಷಯವೇ. ಆದರೆ ಕೆಲಸ ಮಾಡಿದ್ದು ಬೇಡಿಕೆಯ ಆಕಾರ. ಏನು ಬೇಕು, ಯಾರು ಕೊಡಬೇಕು, ಯಾವಾಗಿನೊಳಗೆ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿತ್ತು. ಚರ್ಚ್ ಗುಂಪುಗಳ ಹೆಚ್ಚಿನ ಅಭಿಯಾನಗಳು ಈ ಮೂರರಲ್ಲಿ ಒಂದನ್ನು ಬಿಟ್ಟೇ ಶುರುವಾಗುತ್ತವೆ. ಪೋಸ್ಟರ್ ಬರುತ್ತದೆ, ಮೇಣದಬತ್ತಿ ಹಚ್ಚಲಾಗುತ್ತದೆ, ಕಾಣಿಕೆ ಎತ್ತಲಾಗುತ್ತದೆ, ಮುಂದಿನ ವರ್ಷ ಅದೇ ಪೋಸ್ಟರ್ ಮತ್ತೆ ಹೊರಬರುತ್ತದೆ. ಹತ್ತು ಜನರ ಗುಂಪೂ ಆರು ತಿಂಗಳಲ್ಲಿ ಒಂದು ಲಿಖಿತ ಉತ್ತರ ಪಡೆಯುವಷ್ಟು ಬಿಗಿಯಾಗಿ ಕೆಲಸ ನಡೆಸುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಹಂತ 1: ತಂಡ ಮತ್ತು ಅನುಮತಿ

ಐದರಿಂದ ಎಂಟು ಜನ ಸಾಕು. ಹದಿನೈದು ಜನ ಹೆಸರು ಕೊಟ್ಟರೆ ಸಂತೋಷ, ಆದರೆ ನಿರ್ಧಾರ ತೆಗೆದುಕೊಳ್ಳುವ ತಂಡ ಎಂಟನ್ನು ದಾಟದಿರಲಿ. ಐದು ಹೊಣೆಗಳನ್ನು ಹಂಚಿ: ಸಂಚಾಲಕರು, ಮಾಹಿತಿ ಹುಡುಕುವವರು, ಪತ್ರ ಬರೆಯುವವರು, ಲೆಕ್ಕ ಇಡುವವರು, ಸುರಕ್ಷತೆಯ ಹೊಣೆ ಹೊತ್ತವರು. ಕೊನೆಯದು ಬೇರೆ ಯಾವ ಹೊಣೆಯೂ ಇಲ್ಲದ ವ್ಯಕ್ತಿಯ ಕೈಯಲ್ಲಿರಬೇಕು. ಸಂಕಷ್ಟದಲ್ಲಿರುವವರ ಮಾಹಿತಿ ಬಂದಾಗ ಕಾರ್ಯಕ್ರಮದ ಗಡಿಬಿಡಿಯಲ್ಲಿ ಮುಳುಗಿರುವ ಸಂಚಾಲಕರಿಗೆ ಅದನ್ನು ಸರಿಯಾಗಿ ನಿಭಾಯಿಸಲು ಆಗುವುದಿಲ್ಲ.

ತಂಡಕ್ಕೆ ಬರೀ ಭಕ್ತಿಯುಳ್ಳವರನ್ನು ಸೇರಿಸಬೇಡಿ. ಖರೀದಿ ವಿಭಾಗದಲ್ಲಿ ದುಡಿದವರು, ಲೆಕ್ಕಪರಿಶೋಧಕರು, ನರ್ಸ್, ಕಾರ್ಮಿಕ ಸಂಘದಲ್ಲಿದ್ದವರು, ದೂರದ ಊರಿಗೆ ಕೂಲಿಗೆ ಹೋಗಿ ಬಂದವರು ಪ್ರತಿಯೊಂದು ಚರ್ಚಿನಲ್ಲೂ ಇರುತ್ತಾರೆ. ಆರಾಧನೆ ಮುಗಿದ ಮೇಲೆ ಬೇಗ ಮನೆಗೆ ಹೊರಡುವವರ ನಡುವೆ ಇವರನ್ನು ಹುಡುಕಬೇಕಾಗುತ್ತದೆ, ಅಷ್ಟೆ.

ಸಭಾಪಾಲಕರಿಂದ ಅಥವಾ ಫಾದರಿಂದ ಬಾಯಿಮಾತಿನ ಒಪ್ಪಿಗೆ ಸಾಲದು. ಕಮಿಟಿಯ ನಡಾವಳಿ ಪುಸ್ತಕದಲ್ಲಿ ನಾಲ್ಕು ವಿಷಯ ದಾಖಲಾಗಲಿ: ಚರ್ಚಿನ ಹೆಸರನ್ನು ಎಲ್ಲಿ ಬಳಸಬಹುದು, ಹೊರಗೆ ಹೋಗುವ ಪತ್ರಕ್ಕೆ ಯಾರ ಸಹಿ, ಎಷ್ಟು ಹಣ, ಯಾವ ದಿನಾಂಕದವರೆಗೆ. ಇಲ್ಲದಿದ್ದರೆ ಮೊದಲ ಬಿಸಿ ಪತ್ರ ಹೋದ ಕೂಡಲೇ, ಆ ಕಂಪನಿಯಲ್ಲಿ ಕೆಲಸ ಮಾಡುವ ಸದಸ್ಯರೊಬ್ಬರು ಬೇಸರಗೊಂಡು, ಇಡೀ ಕೆಲಸ ನಿಂತುಹೋಗುತ್ತದೆ. ಸಭಾಪಾಲಕರು ಬದಲಾದಾಗಲೂ ಆ ನಡಾವಳಿಯೇ ಆಧಾರ.

ಪಕ್ಷ ರಾಜಕಾರಣದ ಗೆರೆಯನ್ನು ಆಗಲೇ ಎಳೆದುಬಿಡಿ. ಕಾನೂನು ಬದಲಿಸಿ ಎಂದು ಕೇಳುವುದು ಬೇರೆ, ಇಂಥವರಿಗೆ ಮತ ಹಾಕಿ ಎನ್ನುವುದು ಬೇರೆ. ಎರಡನೆಯದು ಹಲವು ದೇಶಗಳಲ್ಲಿ ಧರ್ಮಾರ್ಥ ಸಂಸ್ಥೆಯ ನೋಂದಣಿಗೇ ಕುತ್ತು ತರುತ್ತದೆ. ಚುನಾವಣೆ ಹತ್ತಿರವಿದ್ದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪತ್ರ, ಒಂದೇ ಪ್ರಶ್ನೆ.

ಹಂತ 2: ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು

ಪೋಸ್ಟರುಗಳಲ್ಲಿ ಕಾಣುವ ಸಂಕೋಲೆಯ ಕೈ ಈ ವಿಷಯಕ್ಕೆ ಮಾಡಿದಷ್ಟು ಹಾನಿಯನ್ನು ಬೇರಾವುದೂ ಮಾಡಿಲ್ಲ. ಸಂಕೋಲೆ ಹುಡುಕುವವರ ಕಣ್ಣಿಗೆ ಪಾಸ್‌ಪೋರ್ಟ್ ಕಸಿದುಕೊಂಡ ಮೇಸ್ತ್ರಿ ಕಾಣುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಜೊತೆಗಾರರು 2022ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 2021ರ ಯಾವುದೇ ಒಂದು ದಿನ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು: 2.76 ಕೋಟಿ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಬಲವಂತದ ಮದುವೆಯಲ್ಲಿ. ಬಲವಂತದ ದುಡಿಮೆಯಲ್ಲಿದ್ದವರಲ್ಲಿ 33 ಲಕ್ಷ ಮಕ್ಕಳು. ಲೈಂಗಿಕ ಶೋಷಣೆಗೆ ಒಳಗಾದವರು 63 ಲಕ್ಷ. ಸರ್ಕಾರಗಳೇ ಹೇರಿದ ದುಡಿಮೆಯಲ್ಲಿ 39 ಲಕ್ಷ. ಉಳಿದವರೆಲ್ಲ ಹೊಲ, ಕಟ್ಟಡ, ಕಾರ್ಖಾನೆ, ಮೀನುದೋಣಿ, ಮನೆಗೆಲಸದಂಥ ಸಾಮಾನ್ಯ ಕೆಲಸಗಳಲ್ಲಿ ಸಿಕ್ಕಿಬಿದ್ದವರು. ವಲಸೆ ಕಾರ್ಮಿಕರಿಗೆ ಈ ಅಪಾಯ ಇತರರಿಗಿಂತ ಮೂರು ಪಟ್ಟಿಗೂ ಹೆಚ್ಚು.

ತಂಡದ ಎಲ್ಲರೂ ಎರಡು ವ್ಯಾಖ್ಯಾನಗಳನ್ನು ಬಾಯಿಪಾಠವಾಗುವಷ್ಟು ಓದಿರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ 29ನೇ ಸಂಖ್ಯೆಯ ಒಡಂಬಡಿಕೆ ಬಲವಂತದ ದುಡಿಮೆಯನ್ನು ಹೀಗೆ ವಿವರಿಸುತ್ತದೆ: ದಂಡನೆಯ ಬೆದರಿಕೆಯಿಂದ ಮಾಡಿಸಿಕೊಂಡ, ಆ ವ್ಯಕ್ತಿ ತಾನಾಗಿ ಒಪ್ಪಿಕೊಳ್ಳದ ಕೆಲಸ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಪ್ರೋಟೋಕಾಲ್ (ಅಂತರರಾಷ್ಟ್ರೀಯ ಒಪ್ಪಂದ) ಮಾನವ ಕಳ್ಳಸಾಗಣೆಗೆ ಮೂರು ಅಂಶ ಬೇಕೆನ್ನುತ್ತದೆ: ಕೃತ್ಯ (ಕರೆತರುವುದು, ಸಾಗಿಸುವುದು, ಇರಿಸಿಕೊಳ್ಳುವುದು), ವಿಧಾನ (ಬಲ, ಮೋಸ, ಅಸಹಾಯಕತೆಯ ದುರ್ಬಳಕೆ), ಉದ್ದೇಶ (ಶೋಷಣೆ). ಹದಿನೆಂಟು ತುಂಬದವರ ವಿಷಯದಲ್ಲಿ ವಿಧಾನವನ್ನು ಸಾಬೀತು ಮಾಡಬೇಕಿಲ್ಲ. ಗಡಿ ದಾಟಿರಲೇಬೇಕೆಂಬ ನಿಯಮವೂ ಇಲ್ಲ. ಸ್ವಂತ ಊರು ಬಿಡದವರೂ ಕಳ್ಳಸಾಗಣೆಗೆ ಬಲಿಯಾಗಿರಬಹುದು.

ಇದರ ಜೊತೆಗೆ ಬಲವಂತದ ದುಡಿಮೆ ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹನ್ನೊಂದು ಸೂಚಕಗಳು: ಅಸಹಾಯಕತೆಯ ದುರ್ಬಳಕೆ, ಮೋಸ, ಓಡಾಟಕ್ಕೆ ತಡೆ, ಒಂಟಿಯಾಗಿಸುವುದು, ದೈಹಿಕ ಮತ್ತು ಲೈಂಗಿಕ ಹಿಂಸೆ, ಬೆದರಿಕೆ, ಗುರುತಿನ ಪತ್ರ ಕಸಿದುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದ ಜೀತ, ಅಮಾನವೀಯ ವಾಸ ಮತ್ತು ಕೆಲಸದ ಸ್ಥಿತಿ, ಮಿತಿಮೀರಿದ ಓವರ್‌ಟೈಮ್. ಒಂದು ಸೂಚಕ ಕಂಡರೆ ಗುಲಾಮಗಿರಿ ಎಂದು ತೀರ್ಮಾನಿಸಬೇಡಿ. ಒಂದು ಕಂಡಲ್ಲಿ ಉಳಿದವೂ ಇವೆಯೇ ಎಂದು ಕೇಳಬೇಕೆಂಬುದಷ್ಟೇ ಇದರ ಅರ್ಥ.

ಬಡತನಕ್ಕೂ ಇದಕ್ಕೂ ನಂಟು ಬೆಸೆಯುವುದು ಹೆಚ್ಚಾಗಿ ಸಾಲ. ಕೆಲಸ ಕೊಡಿಸುವ ಏಜೆಂಟನಿಗೆ ಕಟ್ಟಲು ಮನೆಯವರು ಬಡ್ಡಿಗೆ ಹಣ ಎತ್ತುತ್ತಾರೆ. ಅಲ್ಲಿ ಹೋದಮೇಲೆ ಸಂಬಳ ಹೇಳಿದ್ದಕ್ಕಿಂತ ಕಡಿಮೆ. ಸಾಲ ತೀರದೆ ಕೆಲಸ ಬಿಡುವಂತಿಲ್ಲ. ದೇಶಗಳ ಮಟ್ಟದಲ್ಲೂ ಇದೇ ಕಥೆ ಬೇರೆ ಅಳತೆಯಲ್ಲಿ ನಡೆಯುತ್ತದೆ: ಬಡ್ಡಿ ಕಟ್ಟಿ ಖಜಾನೆ ಬರಿದಾದಾಗ ಶಾಲೆ, ಆಸ್ಪತ್ರೆ, ಕಾರ್ಮಿಕ ತಪಾಸಣೆಗಳಿಗೇ ಮೊದಲು ಕತ್ತರಿ ಬೀಳುತ್ತದೆ. ವಿಶ್ವ ಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಹಳೆಯ ಕರಪತ್ರದ ಅಂಕಿಯನ್ನು ಹೊಸದರ ಪಕ್ಕದಲ್ಲಿಟ್ಟು ‘ಬಡತನ ಹೆಚ್ಚಿತು’ ಎಂದು ಬರೆದರೆ ಎದುರಿನವರು ಅದೊಂದನ್ನೇ ಹಿಡಿದು ಉಳಿದೆಲ್ಲವನ್ನೂ ತಳ್ಳಿಹಾಕುತ್ತಾರೆ. ಪ್ರತಿ ಅಂಕಿಯ ಪಕ್ಕದಲ್ಲಿ ವರ್ಷ ಇರಲೇಬೇಕು.

ಹಂತ 3: ಬೇಡಿಕೆ ಕಟ್ಟುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ ಇದು. ಕನಿಷ್ಠ ಮೂರು ಮೀಟಿಂಗ್‌ಗಳನ್ನು ಇದಕ್ಕೇ ಮೀಸಲಿಡಿ. ಪ್ರತಿ ಕರಡು ಬೇಡಿಕೆಯನ್ನು ನಾಲ್ಕು ಪ್ರಶ್ನೆಗಳಿಗೆ ಒಡ್ಡಿ: ಇದಕ್ಕೆ ಹೌದು ಎನ್ನುವ ಅಧಿಕಾರ ಯಾರಿಗಿದೆ? ಯಾವ ದಿನಾಂಕದೊಳಗೆ? ಆಗಿದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯುವುದು ಹೇಗೆ? ಇದರಿಂದ ದುಡಿಯುವವರಿಗೇ ಕೆಡುಕಾಗುವ ಸಾಧ್ಯತೆ ಇದೆಯೇ?

‘ನಿಮ್ಮ ಉತ್ಪನ್ನಗಳಲ್ಲಿ ಗುಲಾಮಗಿರಿ ಬೇಡ’ ಎಂಬ ಬೇಡಿಕೆ ಈ ಪ್ರಶ್ನೆಗಳೆದುರು ಬಿದ್ದುಹೋಗುತ್ತದೆ. ‘ನಾವು ಅದನ್ನು ಸಹಿಸುವುದಿಲ್ಲ’ ಎಂದು ಒಂದು ಸಾಲು ಬರೆದು ಕಂಪನಿ ಕೈ ತೊಳೆದುಕೊಳ್ಳಬಹುದು. ಅದರ ಬದಲು ಹೀಗೆ ಕೇಳಿ:

- ನಿಮ್ಮ ಬಟ್ಟೆ ಹೊಲಿಯುವ ಎಲ್ಲ ಕಾರ್ಖಾನೆಗಳ ಹೆಸರು ಮತ್ತು ವಿಳಾಸವನ್ನು ಈ ಆರ್ಥಿಕ ವರ್ಷ ಮುಗಿಯುವುದರೊಳಗೆ ಪ್ರಕಟಿಸಿ.
- ಪೂರೈಕೆದಾರರ ಕಾರ್ಮಿಕರು ಏಜೆಂಟರಿಗೆ ಕಟ್ಟಿದ ನೇಮಕಾತಿ ಶುಲ್ಕವನ್ನು ಪತ್ತೆ ಹಚ್ಚಿ, ಹನ್ನೆರಡು ತಿಂಗಳೊಳಗೆ ಹಿಂದಿರುಗಿಸಿ, ಎಷ್ಟು ಜನರಿಗೆ ಎಷ್ಟು ಸಂದಿತೆಂದು ವರದಿ ಮಾಡಿ.
- (ಸರ್ಕಾರಕ್ಕೆ) ಬಲವಂತದ ದುಡಿಮೆ ಕುರಿತ 2014ರ ಪ್ರೋಟೋಕಾಲನ್ನು ಅನುಮೋದಿಸಲು ಇರುವ ಅಡ್ಡಿಗಳೇನೆಂದು ಈ ಅಧಿವೇಶನದಲ್ಲೇ ಸದನಕ್ಕೆ ತಿಳಿಸಿ.

ಮೂರನೆಯದನ್ನು ಕೇಳುವ ಮೊದಲು ನಿಮ್ಮ ದೇಶ ಆಗಲೇ ಅನುಮೋದಿಸಿದೆಯೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂತರ್ಜಾಲ ಪಟ್ಟಿಯಲ್ಲಿ ನೋಡಿ. ಅನುಮೋದಿಸಿದ್ದರೆ ಬೇಡಿಕೆ ಬದಲಾಗುತ್ತದೆ: ಅದರಂತೆ ತಪಾಸಣೆ, ಪರಿಹಾರ ನಡೆಯುತ್ತಿದೆಯೇ?

ಇರುವ ಕಾನೂನನ್ನೇ ಹಿಡಿದು ಕೇಳುವುದು ಹೊಸ ಕಾನೂನು ಕೇಳುವುದಕ್ಕಿಂತ ಸುಲಭ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ವಿಧಿ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಹೆಚ್ಚು ವಹಿವಾಟಿನ ಕಂಪನಿಗಳು ಗುಲಾಮಗಿರಿ ತಡೆಯಲು ಏನು ಮಾಡಿದೆವೆಂಬ ಹೇಳಿಕೆಯನ್ನು ಪ್ರತಿ ವರ್ಷ ಪ್ರಕಟಿಸಬೇಕು. ಆಸ್ಟ್ರೇಲಿಯಾದ 2018ರ ಕಾಯ್ದೆಯಲ್ಲಿ ಆ ಮಿತಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್. ಫ್ರಾನ್ಸಿನ 2017ರ ಕಾನೂನು ಹೇಳಿಕೆಗೆ ನಿಲ್ಲದೆ, ಅಪಾಯ ತಡೆಯುವ ಯೋಜನೆ ಮಾಡಿ ಜಾರಿಗೆ ತರುವ ಹೊಣೆಯನ್ನೂ ಹೊರಿಸುತ್ತದೆ. ಬಲವಂತದ ದುಡಿಮೆಯಿಂದ ತಯಾರಾದ ಸರಕನ್ನು ಮಾರುಕಟ್ಟೆಯಿಂದ ಹೊರಗಿಡುವ ಐರೋಪ್ಯ ಒಕ್ಕೂಟದ 2024ರ ನಿಯಮಾವಳಿ 2027ರ ಡಿಸೆಂಬರ್‌ನಿಂದ ಅನ್ವಯವಾಗಬೇಕು. ನಿಮ್ಮ ಎದುರಿನ ಕಂಪನಿ ಬ್ರಿಟನ್ ಅಥವಾ ಆಸ್ಟ್ರೇಲಿಯಾದಲ್ಲಿ ವ್ಯಾಪಾರ ಮಾಡುತ್ತಿದ್ದು ಆ ಮಿತಿ ದಾಟಿದ್ದರೆ ಅದರ ಹೇಳಿಕೆ ಜಾಲತಾಣದಲ್ಲಿ ಸಿಗುತ್ತದೆ. ಸತತ ಎರಡು ವರ್ಷಗಳ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿ. ಪದಕ್ಕೆ ಪದ ಒಂದೇ ಇದ್ದರೆ ಪತ್ರದ ಮೊದಲ ವಾಕ್ಯ ಸಿಕ್ಕಂತೆ.

ಬಹಿಷ್ಕಾರದ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಯುವಜನರ ಮೀಟಿಂಗಿನಲ್ಲಿ ಮೊದಲು ಬರುವ ಸಲಹೆ ಅದೇ. ಚರಿತ್ರೆ ಅದರ ಪರವಾಗಿದೆ: 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆ ಬ್ರಿಟಿಷ್ ಸಂಸತ್ತಿನಲ್ಲಿ ಸೋತಾಗ ಸಾವಿರಾರು ಕುಟುಂಬಗಳು ವೆಸ್ಟ್ ಇಂಡೀಸಿನ ಸಕ್ಕರೆ ಕೊಳ್ಳುವುದನ್ನೇ ಬಿಟ್ಟವು. ಆದರೆ ಇಂದಿನ ಪೂರೈಕೆ ಸರಪಳಿಯಲ್ಲಿ ಕಂಪನಿ ಸದ್ದಿಲ್ಲದೆ ಆ ಕಾರ್ಖಾನೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಬಾಕಿ ಸಂಬಳವೂ ಸಿಗದೆ ಬೀದಿಗೆ ಬೀಳುವವರು ಕಾರ್ಮಿಕರೇ. ಆದ್ದರಿಂದ ಅಲ್ಲಿನ ಕಾರ್ಮಿಕರ ಸಂಘಟನೆಗಳು ಕೇಳಿದರೆ ಮಾತ್ರ ಬಹಿಷ್ಕಾರ. ಉಜ್ಬೇಕಿಸ್ತಾನದ ಹತ್ತಿಯ ವಿಷಯದಲ್ಲಿ ಹಾಗೇ ನಡೆಯಿತು. ಸರ್ಕಾರವೇ ಜನರನ್ನು ಹತ್ತಿ ಬಿಡಿಸಲು ಅಟ್ಟುತ್ತಿದ್ದ ಕಾರಣ ಅಲ್ಲಿನ ಹಕ್ಕು ಹೋರಾಟಗಾರರ ಕರೆಗೆ ನೂರಾರು ಬ್ರಾಂಡುಗಳು ಆ ಹತ್ತಿ ಬಿಟ್ಟವು. 2021ರ ಕಟಾವಿನಲ್ಲಿ ವ್ಯವಸ್ಥಿತ ಬಲವಂತ ಇರಲಿಲ್ಲವೆಂದು ಖಚಿತವಾದ ಮೇಲೆ 2022ರ ಮಾರ್ಚ್‌ನಲ್ಲಿ ಕರೆಯನ್ನು ಹಿಂಪಡೆದರು. ಆರಂಭಿಸುವಾಗಲೇ ಯಾವಾಗ ನಿಲ್ಲಿಸುತ್ತೇವೆಂದು ಹೇಳಿದ್ದರಿಂದಲೇ ಅದಕ್ಕೆ ಬಲ ಬಂದದ್ದು.

ಹಂತ 4: ಮೊದಲು ಸ್ವಂತ ಮನೆ

ಹೊರಗಿನವರನ್ನು ಕೇಳುವ ಮೊದಲು ಚರ್ಚಿನ ಕಳೆದ ಹನ್ನೆರಡು ತಿಂಗಳ ಖರ್ಚಿನ ವೋಚರುಗಳನ್ನು ತೆರೆಯಿರಿ. ಇಬ್ಬರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಒಂದು ಹಾಳೆಯಲ್ಲಿ ಐದು ಅಂಕಣ: ವಸ್ತು ಅಥವಾ ಸೇವೆ, ಯಾರಿಂದ, ವರ್ಷಕ್ಕೆ ಎಷ್ಟು, ಎಲ್ಲಿ ತಯಾರಾದದ್ದು, ಏನು ಗೊತ್ತಿಲ್ಲ. ಐದನೆಯ ಅಂಕಣವೇ ಹೆಚ್ಚು ತುಂಬುತ್ತದೆ, ತುಂಬಲಿ.

ಕಣ್ಣು ಹೋಗಬೇಕಾದ ಜಾಗಗಳು: ಕ್ವಾಯರ್ ನಿಲುವಂಗಿ, ಯುವಜನ ಶಿಬಿರದ ಟೀ ಶರ್ಟು, ಕಾಫಿ-ಟೀ-ಸಕ್ಕರೆ-ಚಾಕೊಲೇಟು, ಕಟ್ಟಡ ರಿಪೇರಿಯ ಗುತ್ತಿಗೆ, ಸ್ವಚ್ಛತೆ ಮತ್ತು ಕಾವಲಿನ ಗುತ್ತಿಗೆ, ಸಮಾಧಿ ಕಲ್ಲು. ಶರ್ಟಿಗಿಂತ ಗುತ್ತಿಗೆಗಳು ಮುಖ್ಯ. ಅಲ್ಲಿ ದುಡಿಯುವವರು ನಿಮ್ಮ ಕಣ್ಣೆದುರೇ ಇದ್ದಾರೆ, ಷರತ್ತು ಹಾಕುವ ಅಧಿಕಾರವೂ ನಿಮ್ಮದೇ. ಗುತ್ತಿಗೆದಾರರಿಗೆ ಕೇಳಬೇಕಾದ ಆರು ಪ್ರಶ್ನೆಗಳು: ಕೆಲಸಕ್ಕೆ ಸೇರಲು ಇವರು ಯಾರಿಗಾದರೂ ಹಣ ಕೊಟ್ಟಿದ್ದಾರೆಯೇ? ಗುರುತಿನ ಪತ್ರಗಳು ಯಾರ ಬಳಿ ಇವೆ? ಸಂಬಳ ನೇರವಾಗಿ ಅವರ ಖಾತೆಗೆ ಹೋಗುತ್ತದೆಯೇ? ಸಂಬಳ ಚೀಟಿ ಕೊಡುತ್ತೀರಾ? ವಾರದ ರಜೆ ಇದೆಯೇ? ದೂರು ಇದ್ದರೆ ಯಾರಿಗೆ ಹೇಳಬೇಕೆಂದು ಅವರಿಗೆ ಗೊತ್ತೇ? ಮುಂದಿನ ಬಾರಿ ಗುತ್ತಿಗೆ ನವೀಕರಿಸುವಾಗ ಇವೇ ಪ್ರಶ್ನೆಗಳು ಷರತ್ತುಗಳಾಗಿ ಕಾಗದದಲ್ಲಿ ಬರಲಿ. ದರ ತೀರಾ ಕಡಿಮೆ ಇದ್ದರೆ ಕನಿಷ್ಠ ವೇತನವನ್ನು ಗಂಟೆಗಳಿಂದ ಗುಣಿಸಿ ನೋಡಿ. ಗುಣಲಬ್ಧವೇ ಗುತ್ತಿಗೆಯ ಮೊತ್ತವನ್ನು ದಾಟಿದರೆ ಯಾರದೋ ಸಂಬಳಕ್ಕೆ ಕತ್ತರಿ ಬಿದ್ದಿದೆ ಎಂದರ್ಥ. ಆಗ ಬೆಲೆ ಏರಿಸಬೇಕಾದದ್ದು ಚರ್ಚೇ.

ನಿಧಿ, ಪಿಂಚಣಿ, ಠೇವಣಿಗಳು ಷೇರುಗಳಲ್ಲಿದ್ದರೆ ಚರ್ಚಿಗೆ ಕಂಪನಿಯ ವಾರ್ಷಿಕ ಸಭೆಯಲ್ಲಿ ಕೂರುವ ಹಕ್ಕಿದೆ. ಅಮೆರಿಕದ ಎಪಿಸ್ಕೋಪಲ್ ಚರ್ಚ್ 1971ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಕಾರಣಕ್ಕೆ ಜನರಲ್ ಮೋಟರ್ಸ್‌ನಲ್ಲಿ ಷೇರುದಾರರ ನಿರ್ಣಯ ಮಂಡಿಸಿದಾಗಿನಿಂದ ಇದು ಚರ್ಚುಗಳ ಹಳೆಯ ಹಾದಿ. ಮತ ಸೋತರೂ ಪ್ರಶ್ನೆಗೆ ಆಡಳಿತ ಮಂಡಳಿ ಎಲ್ಲರೆದುರು ಉತ್ತರಿಸಬೇಕಾಗುತ್ತದೆ.

ಹಂತ 5: ಆರಾಧನೆಯಲ್ಲಿ ವಿಷಯ ತರುವುದು

ದಿನಗಳ ಆಯ್ಕೆ: ಫೆಬ್ರವರಿ 8 ಸಂತ ಬಖೀತಾ ಅವರ ಸ್ಮರಣೆಯ ದಿನ. ಸುಡಾನಿನಲ್ಲಿ ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ ಮಾರಾಟವಾದ ಅವರ ದಿನವನ್ನು ಕಥೋಲಿಕ ಧರ್ಮಸಭೆ 2015ರಿಂದ ಮಾನವ ಕಳ್ಳಸಾಗಣೆಯ ವಿರುದ್ಧದ ಪ್ರಾರ್ಥನಾ ದಿನವಾಗಿ ಆಚರಿಸುತ್ತಿದೆ. ಜುಲೈ 30 (ಮಾನವ ಕಳ್ಳಸಾಗಣೆ ವಿರೋಧ), ಅಕ್ಟೋಬರ್ 17 (ಬಡತನ ನಿರ್ಮೂಲನೆ), ಡಿಸೆಂಬರ್ 2 (ಗುಲಾಮಗಿರಿ ರದ್ದತಿ) ವಿಶ್ವಸಂಸ್ಥೆಯ ದಿನಗಳು. ನಿಮ್ಮ ಬೇಡಿಕೆಯ ಗಡುವಿಗೆ ಎರಡು ತಿಂಗಳು ಮೊದಲು ಬರುವ ದಿನವನ್ನು ಆರಿಸಿ. ಚಂದದ ದಿನವೆಂದು ಆರಿಸಿದರೆ ಮುಂದಿನ ಕೆಲಸಕ್ಕೆ ಸಮಯ ಉಳಿಯದು.

ಪ್ರಸಂಗಕ್ಕೆ ಲೂಕ 4:18 ಎಲ್ಲರೂ ಆರಿಸುವ ವಚನ. ಯಾಕೋಬ 5:4 ಹೆಚ್ಚು ತಾಗುತ್ತದೆ. ಅಲ್ಲಿ ಕೂಗುವುದು ತಡೆಹಿಡಿದ ಕೂಲಿಯೇ. ಆಮೋಸ 8:6ರಲ್ಲಿ ಬಡವನನ್ನು ಒಂದು ಜೊತೆ ಕೆರಕ್ಕೆ ಕೊಳ್ಳುವ ಮಾತಿದೆ. ಎಫೆಸ 6:5ನ್ನು ತಪ್ಪಿಸಿಕೊಂಡು ಹೋಗಬೇಡಿ. ದಾಸರು ಒಡೆಯರಿಗೆ ವಿಧೇಯರಾಗಬೇಕೆಂಬ ಆ ವಚನವನ್ನು ತೋಟದ ಮಾಲೀಕರು ಶತಮಾನಗಳ ಕಾಲ ಓದಿಸಿದರು. ಬಾರ್ಬಡೋಸಿನ ಕಾಡ್ರಿಂಗ್ಟನ್ ತೋಟಗಳಲ್ಲಿ ದುಡಿದ ಗುಲಾಮರು ಒಂದು ಆಂಗ್ಲಿಕನ್ ಮಿಷನ್ ಸಂಸ್ಥೆಯ ಸೊತ್ತೇ ಆಗಿದ್ದರು. ಇಂಗ್ಲೆಂಡಿನ ಚರ್ಚ್ 2006ರಲ್ಲಿ ಅದಕ್ಕೆ ಕ್ಷಮೆ ಕೇಳಿತು. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದ ಹನ್ನೆರಡು ಜನರಲ್ಲಿ ಒಂಬತ್ತು ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಎಂಬುದು ಎಷ್ಟು ನಿಜವೋ ಇದೂ ಅಷ್ಟೇ ನಿಜ. ಎರಡನ್ನೂ ಹೇಳಿದ ಪ್ರಸಂಗವನ್ನು ಹೊರಗಿನವರೂ ನಂಬುತ್ತಾರೆ.

ಬೆಂಚಿನಲ್ಲಿ ಕೂತವರಲ್ಲಿ ಇದನ್ನು ಅನುಭವಿಸಿದವರು ಇರಬಹುದೆಂದು ಎಣಿಸಿಯೇ ಮಾತಾಡಿ. ಹಿಂಸೆಯ ವಿವರ ಬೇಡ, ಹಿಂದಿನ ವಾರವೇ ವಿಷಯ ತಿಳಿಸಿ, ಎದ್ದು ಹೋಗುವವರನ್ನು ಯಾರೂ ತಿರುಗಿ ನೋಡದಿರಲಿ. ಸಹಾಯವಾಣಿಯ ಸಂಖ್ಯೆಯನ್ನು ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ, ಅಲ್ಲಿ ಜೊತೆಗೆ ಬಂದ ಮಾಲೀಕರು ಇರುವುದಿಲ್ಲ. ಸಣ್ಣ ಚೀಟಿ ಸಾಕು. ಸುತ್ತಲಿನ ಜನ ಆಡುವ ಎಲ್ಲ ಭಾಷೆಗಳಲ್ಲಿ ಬರೆದಿರಲಿ.

ಹಂತ 6: ಪತ್ರ ಬರೆಯುವ ಕೂಟ

ಆರಾಧನೆ ಮುಗಿದ ಕೂಡಲೇ, ಅದೇ ಜಾಗದಲ್ಲಿ, 40 ನಿಮಿಷ. ‘ಮನೆಗೆ ಹೋಗಿ ಬರೆಯಿರಿ’ ಎಂದರೆ ಪತ್ರ ಬರುವುದಿಲ್ಲ. 40 ಜನರಿಗೆ 80 ಹಾಳೆ, 45 ಪೆನ್ನು, 50 ಲಕೋಟೆ, ಬೇಕಾದಷ್ಟು ಅಂಚೆಚೀಟಿ, ಐದು ಮೇಜು, ಮೇಜಿಗೊಬ್ಬ ಸಹಾಯಕರು. ಪ್ರತಿ ಮೇಜಿನಲ್ಲಿ ಒಂದು ಪುಟದ ಮಾಹಿತಿ ಹಾಳೆ: ಮೂರು ಸಂಗತಿ, ಒಂದು ಬೇಡಿಕೆ, ವಿಳಾಸ, ಸಂಬೋಧನೆ.

ಮಾದರಿ ಪತ್ರ ಕೊಡಬೇಡಿ. ಕೊಟ್ಟರೆ ನಲವತ್ತೂ ಒಂದೇ ಥರ ಬರುತ್ತವೆ. ಕಚೇರಿಯಲ್ಲಿ ಅವನ್ನು ಒಂದು ಕಟ್ಟು ಮಾಡಿ ಒಂದೇ ಸಿದ್ಧ ಉತ್ತರ ಕಳಿಸುತ್ತಾರೆ. ಬದಲಿಗೆ ಕ್ರಮವನ್ನಷ್ಟೇ ಹೇಳಿ: ನಾನು ಯಾರು ಮತ್ತು ನಿಮ್ಮ ಕ್ಷೇತ್ರದವನು ಅಥವಾ ನಿಮ್ಮ ಗ್ರಾಹಕ ಎಂದು ಎರಡು ವಾಕ್ಯ, ಈ ವಿಷಯ ನನಗೇಕೆ ಮುಖ್ಯ ಎಂದು ಮೂರು ವಾಕ್ಯ, ಒಂದು ಸಂಗತಿ, ಬೇಡಿಕೆ ಇದ್ದಂತೆಯೇ, ‘ಇಂಥ ದಿನಾಂಕದೊಳಗೆ ಉತ್ತರ ನಿರೀಕ್ಷಿಸುತ್ತೇನೆ’, ಅಂಚೆ ವಿಳಾಸ. 200 ಪದ ದಾಟಬೇಡಿ. ಬರೆಯಲು ಬಾರದವರು ಹೇಳಿದ್ದನ್ನು ಸಹಾಯಕರು ಅವರ ಮಾತಿನಲ್ಲೇ ಬರೆದುಕೊಡಲಿ. ಮಕ್ಕಳ ಚಿತ್ರಗಳನ್ನು ಜೊತೆಗೆ ಇಡಬಹುದು, ಆದರೆ ಅವರ ಹೆಸರು, ಶಾಲೆ, ವಿಳಾಸ ಬೇಡ.

ಅಂಚೆಗೆ ಹಾಕುವ ಮೊದಲು ಎಣಿಸಿ. ಹೊರಟ ದಿನಾಂಕ, ಯಾರಿಗೆ, ಎಷ್ಟು, ಉತ್ತರ ಬಂದ ದಿನ, ಉತ್ತರದ ತಿರುಳು ಎಂಬ ದಾಖಲೆ ಇಡಿ. ಜನರಿಗೆ ಬಂದ ಉತ್ತರಗಳನ್ನು ಮರುವಾರ ತರಲು ಹೇಳಿ. ಬೇರೆ ಬೇರೆಯವರಿಗೆ ಬೇರೆ ಬೇರೆ ಉತ್ತರ ಬಂದಿದ್ದರೆ ಆ ವ್ಯತ್ಯಾಸವೇ ಮುಂದಿನ ಭೇಟಿಗೆ ಸಾಮಗ್ರಿ. ನಾಲ್ಕು ವಾರ ಉತ್ತರವಿಲ್ಲದಿದ್ದರೆ ಒಂದು ಜ್ಞಾಪನಾ ಪತ್ರ, ಮತ್ತೆರಡು ವಾರಕ್ಕೆ ದೂರವಾಣಿ ಕರೆ, ಆಮೇಲೆ ನೇರ ಭೇಟಿ.

ಹಂತ 7: ಎದುರು ಕೂತು ಮಾತಾಡುವುದು

ಮೂರು ಅಥವಾ ನಾಲ್ಕು ಜನ ಹೋಗಿ. ಒಬ್ಬರು ಮಾತು ನಡೆಸುವವರು, ಒಬ್ಬರು ವಿಷಯ ಬಲ್ಲವರು, ಒಬ್ಬರು ಬರೆದುಕೊಳ್ಳುವವರು. 20 ನಿಮಿಷ ಸಿಕ್ಕಿದೆ ಎಂದುಕೊಳ್ಳಿ. ಪರಿಚಯಕ್ಕೆ ಎರಡು, ವಿಷಯಕ್ಕೆ ನಾಲ್ಕು, ಬೇಡಿಕೆಗೆ ಎರಡು, ಉಳಿದ ಹನ್ನೆರಡು ಅವರ ಮಾತಿಗೆ. ಬೇಡಿಕೆ ಎಂಟನೆಯ ನಿಮಿಷದೊಳಗೆ ಮೇಜಿನ ಮೇಲಿರಬೇಕು. ಚರ್ಚಿನವರಿಗೆ ಪೀಠಿಕೆ ಉದ್ದವಾಗುವ ರೋಗವಿದೆ. ಹದಿನೆಂಟನೆಯ ನಿಮಿಷಕ್ಕೆ ಸಹಾಯಕ ಬಂದು ಮುಂದಿನವರು ಕಾಯುತ್ತಿದ್ದಾರೆ ಎನ್ನುತ್ತಾನೆ, ಬೇಡಿಕೆ ಚೀಲದಲ್ಲೇ ಉಳಿಯುತ್ತದೆ.

ಕಂಪನಿಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ನಮ್ಮ ಪೂರೈಕೆದಾರರ ತಪಾಸಣೆ ಆಗಿದೆ, ಪ್ರಮಾಣಪತ್ರವಿದೆ.’ 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಮೊದಲು ಆ ಕಾರ್ಖಾನೆಗೆ ಎಸ್‌ಎ 8000 ಎಂಬ, ಕಾರ್ಮಿಕರ ಸ್ಥಿತಿಗತಿ ಕುರಿತ ಪ್ರಮಾಣಪತ್ರ ಸಿಕ್ಕಿತ್ತು. ಇದನ್ನು ಜಗಳಕ್ಕೆಂದು ಹೇಳದೆ ಮುಂದಿನ ಪ್ರಶ್ನೆಗೆ ದಾರಿಯಾಗಿ ಹೇಳಿ: ತಪಾಸಕರು ಮೊದಲೇ ತಿಳಿಸಿ ಹೋಗಿದ್ದರೇ? ಕಾರ್ಮಿಕರನ್ನು ಕಾರ್ಖಾನೆಯ ಹೊರಗೆ, ಅವರ ಭಾಷೆಯಲ್ಲಿ ಮಾತಾಡಿಸಿದರೇ? ಅಲ್ಲಿ ಕಾರ್ಮಿಕ ಸಂಘವಿದೆಯೇ? ಲೋಪ ಕಂಡರೆ ಪೂರೈಕೆದಾರನಿಗೆ ಕೊಡುವ ಬೆಲೆ ಏರಿಸಿದ್ದೀರಾ? ‘ಒಂದೂ ಪ್ರಕರಣ ಕಂಡುಬಂದಿಲ್ಲ’ ಎನ್ನುವ ಕಂಪನಿಗಿಂತ ‘ಮೂರು ಕಂಡೆವು, ಹೀಗೆ ಸರಿಪಡಿಸಿದೆವು’ ಎನ್ನುವ ಕಂಪನಿಯನ್ನು ಹೆಚ್ಚು ನಂಬಬಹುದು. ಅದನ್ನು ಅವರೆದುರೇ ಹೇಳಿ, ಸತ್ಯ ಹೇಳಲು ಅವರಿಗೊಂದು ಕಾರಣ ಸಿಗುತ್ತದೆ.

ಜನಪ್ರತಿನಿಧಿ ‘ಪರಿಶೀಲಿಸುತ್ತೇನೆ’ ಎಂದರೆ ‘ಯಾವ ದಿನಾಂಕದಂದು ನಾವು ವಿಚಾರಿಸಬಹುದು?’ ಎಂದು ನಗುಮುಖದಿಂದ ಕೇಳಿ, ಅವರೆದುರೇ ಬರೆದುಕೊಳ್ಳಿ. ಎರಡು ದಿನದೊಳಗೆ ಧನ್ಯವಾದ ಪತ್ರ ಕಳಿಸಿ, ಅದರಲ್ಲಿ ‘ತಾವು ಹೀಗೆ ಹೇಳಿದಿರಿ’ ಎಂದು ನಮೂದಿಸಿ. ಆ ಪತ್ರವೇ ದಾಖಲೆ. ಫೋಟೋ ತೆಗೆಸಿಕೊಳ್ಳುವುದನ್ನು ಉತ್ತರ ಬಂದ ದಿನಕ್ಕೆ ಇಟ್ಟುಕೊಳ್ಳುವುದು ಲೇಸು. ಮೊದಲೇ ಫೋಟೋ ಸಿಕ್ಕಿದವರಿಗೆ ಉತ್ತರಿಸುವ ಅವಸರ ಇರುವುದಿಲ್ಲ.

ಹಂತ 8: ಯಾರಾದರೂ ಸಹಾಯ ಕೇಳಿದರೆ, ಅಥವಾ ಅನುಮಾನ ಬಂದರೆ

ಅಭಿಯಾನ ಶುರುವಾದ ಮೇಲೆ ‘ಪಕ್ಕದ ಮನೆಯ ಕೆಲಸದ ಹುಡುಗಿ ಹೊರಗೇ ಬರುವುದಿಲ್ಲ’ ಎಂಬಂಥ ಮಾತು ಬಂದೇ ಬರುತ್ತದೆ. ಗುಂಪು ಕಟ್ಟಿಕೊಂಡು ಹೋಗಿ ಬಿಡಿಸುವ ಆಸೆ ಆಗ ಹುಟ್ಟುತ್ತದೆ. ಹೋಗಬೇಡಿ. ಬಾಗಿಲು ತಟ್ಟಿದ ರಾತ್ರಿಯೇ ಆಕೆಯನ್ನು ಬೇರೆಡೆಗೆ ಸಾಗಿಸುತ್ತಾರೆ, ಊರಲ್ಲಿರುವ ಮನೆಯವರಿಗೆ ಬೆದರಿಕೆ ಹೋಗುತ್ತದೆ, ಸಾಕ್ಷ್ಯ ಅಳಿದುಹೋಗುತ್ತದೆ.

ಕಂಡದ್ದನ್ನು ಅಂದೇ ಬರೆದಿಡಿ: ದಿನ, ಹೊತ್ತು, ಜಾಗ, ಕಣ್ಣಾರೆ ನೋಡಿದ್ದು, ಕಿವಿಯಾರೆ ಕೇಳಿದ್ದು. ಊಹೆಯನ್ನು ಬೇರೆ ಸಾಲಿನಲ್ಲಿ. ಹಿಂಬಾಲಿಸುವುದು, ಫೋಟೋ ತೆಗೆಯುವುದು, ಎದುರಿಗೆ ಕೇಳುವುದು ಬೇಡ. ಸುರಕ್ಷತೆಯ ಹೊಣೆ ಹೊತ್ತವರಿಗೆ ಮಾತ್ರ ತಿಳಿಸಿ, ಅವರು ಸಹಾಯವಾಣಿಗೆ ಅಥವಾ ಪೊಲೀಸರಿಗೆ ತಿಳಿಸುತ್ತಾರೆ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಯಾರು ಕಂಡರೋ ಅವರೇ ತುರ್ತು ಸಂಖ್ಯೆಗೆ ಕರೆ ಮಾಡಬೇಕು. ವಯಸ್ಕರು ತಾವಾಗಿ ಬಂದು ಹೇಳಿಕೊಂಡರೆ ಮುಂದಿನ ಹೆಜ್ಜೆಗೆ ಅವರ ಒಪ್ಪಿಗೆ ಬೇಕು, ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ. ಮಕ್ಕಳಾದರೆ ತಿಳಿಸಲೇಬೇಕು. ಮಾಲೀಕನ ಪರಿಚಯದವರು ಅನುವಾದಕರಾಗದಂತೆ ಎಚ್ಚರ. ಪ್ರಾರ್ಥನಾ ಕೂಟದಲ್ಲಿ ಹೆಸರು ಹೇಳಿ ಪ್ರಾರ್ಥಿಸುವ ಅಭ್ಯಾಸವನ್ನೂ ಇಲ್ಲಿ ತಡೆಯಬೇಕು, ಸುದ್ದಿ ಸೋರುವುದು ಹೆಚ್ಚಾಗಿ ಅಲ್ಲಿಂದಲೇ.

ಹಣ ಕೊಟ್ಟು ಬಿಡಿಸುವ ಯೋಚನೆಯೂ ಬೇಡ. 1990ರ ದಶಕದಲ್ಲಿ ಸುಡಾನಿನಲ್ಲಿ ಕೆಲವು ಕ್ರೈಸ್ತ ಗುಂಪುಗಳು ಗುಲಾಮರನ್ನು ಕೊಂಡು ಬಿಡುಗಡೆ ಮಾಡಿದಾಗ, ಹಣವೇ ಅಪಹರಣಕ್ಕೆ ಪ್ರೇರಣೆಯಾಗುತ್ತದೆ, ನಕಲಿ ಗುಲಾಮರನ್ನು ತೋರಿಸಿ ವಂಚಿಸುವುದೂ ನಡೆಯುತ್ತದೆ ಎಂದು ಯುನಿಸೆಫ್ ಸೇರಿದಂತೆ ಹಲವರು ಟೀಕಿಸಿದರು.

ಬಿಡುಗಡೆಯಾದವರನ್ನು ವೇದಿಕೆಗೆ ಕರೆಯುವುದಾದರೆ, ಏನು ಹೇಳಬೇಕೆಂಬುದು ಅವರ ನಿರ್ಧಾರ. ಪ್ರಶ್ನೆಗಳನ್ನು ಮೊದಲೇ ತೋರಿಸಿ, ಮಾತಿಗೆ ಸಂಭಾವನೆ ಕೊಡಿ, ಕೊನೆ ಗಳಿಗೆಯಲ್ಲಿ ಬೇಡವೆಂದರೂ ಒತ್ತಾಯಿಸಬೇಡಿ. ಅವರು ಅನುಭವಿಸಿದ್ದಕ್ಕಿಂತ ಅವರು ಕೇಳುವ ಬದಲಾವಣೆಯ ಬಗ್ಗೆ ಮಾತಾಡಿಸಿ. ಮುಖ, ಊರು, ನಿಜ ಹೆಸರು ಕರಪತ್ರದಲ್ಲಿ ಬೇಡ. ಒಮ್ಮೆ ಅಂತರ್ಜಾಲಕ್ಕೆ ಹೋದದ್ದನ್ನು ಹಿಂದೆ ತರಲಾಗದು.

ಹಂತ 9: ಹಣ

ಅಭಿಯಾನದ ಖರ್ಚು ಬೇರೆ, ಪರಿಹಾರಕ್ಕೆ ಎತ್ತಿದ ಕಾಣಿಕೆ ಬೇರೆ. ಎರಡು ಪೆಟ್ಟಿಗೆ, ಎರಡು ರಸೀದಿ ಪುಸ್ತಕ. ಸಂತ್ರಸ್ತರಿಗೆಂದು ಹೇಳಿ ಎತ್ತಿದ ಹಣದಲ್ಲಿ ಬ್ಯಾನರ್ ಮುದ್ರಿಸಿದರೆ ಅದು ಕಾನೂನಿನ ಪ್ರಶ್ನೆಯೂ ಹೌದು. ಎಣಿಸುವಾಗ ಸಂಬಂಧಿಕರಲ್ಲದ ಇಬ್ಬರು. ಮೂರು ತಿಂಗಳಿಗೊಮ್ಮೆ ಲೆಕ್ಕ ಫಲಕದ ಮೇಲೆ.

ಹಂತ 10: ಉತ್ತರ ಬಂದ ಮೇಲೆ, ಅಥವಾ ಬಾರದಿದ್ದರೆ

ಎಷ್ಟು ಪತ್ರ ಹೋಯಿತು, ಎಷ್ಟು ಜನ ಬಂದರು ಎಂಬುದು ಚಟುವಟಿಕೆಯ ಲೆಕ್ಕ. ಏನು ಬದಲಾಯಿತು ಎಂಬ ಲೆಕ್ಕವನ್ನು ಬೇರೆ ಪುಟದಲ್ಲಿ ಇಡಿ. ಆ ಪುಟ ಬಹುಕಾಲ ಖಾಲಿ ಇರುತ್ತದೆ, ಅದನ್ನು ಚಟುವಟಿಕೆಯ ಅಂಕಿಗಳಿಂದ ತುಂಬುವ ಆಸೆಗೆ ಬೀಳಬೇಡಿ.

ಗಡುವು ಮೀರಿದರೂ ಉತ್ತರವಿಲ್ಲದಿದ್ದರೆ ಕ್ರಮವಾಗಿ ಒತ್ತಡ ಏರಿಸಿ: ಸುತ್ತಲಿನ ಐದಾರು ಚರ್ಚುಗಳ ಜಂಟಿ ಪತ್ರ, ಬಿಷಪ್ ಅಥವಾ ಸಿನೊಡ್ ಮಟ್ಟದ ಪತ್ರ, ಷೇರುದಾರರ ಪ್ರಶ್ನೆ, ಸದನದಲ್ಲಿ ಪ್ರಶ್ನೆ, ಕೊನೆಗೆ ಪತ್ರಿಕಾ ಹೇಳಿಕೆ. ಪ್ರತಿ ಮೆಟ್ಟಿಲಿಗೂ ನಾಲ್ಕರಿಂದ ಆರು ವಾರ. ಪತ್ರಿಕೆಗೆ ಮೊದಲೇ ಹೋದರೆ ಎದುರಿನವರಿಗೆ ನಿಮ್ಮೊಂದಿಗೆ ಮಾತಾಡಲು ಕಾರಣವೇ ಉಳಿಯುವುದಿಲ್ಲ. ಹೇಳಿಕೆಯಲ್ಲಿ ಸಾಬೀತಾಗದ ಆರೋಪ ಇರಬಾರದು. ‘ಇಂಥ ದಿನ ಕೇಳಿದೆವು, ಇಂಥ ದಿನದವರೆಗೆ ಉತ್ತರ ಬಂದಿಲ್ಲ’ ಎಂಬಷ್ಟೇ ಸಾಕು, ಮಾನನಷ್ಟ ಮೊಕದ್ದಮೆಯ ಭಯವೂ ಕಡಿಮೆ.

ಬೇಡಿಕೆ ಈಡೇರಿದರೆ ಬಹಿರಂಗವಾಗಿ ಶ್ಲಾಘಿಸಿ. ಆಮೇಲೆ ಆರು ತಿಂಗಳಿಗೆ ಒಮ್ಮೆ, ಹನ್ನೆರಡು ತಿಂಗಳಿಗೆ ಇನ್ನೊಮ್ಮೆ ಪರಿಶೀಲಿಸುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಹೊಣೆ ಒಬ್ಬರ ಹೆಸರಿಗೆ ಬರೆಯಿರಿ. ಸಾಲ ಮನ್ನಾದ ವಿಷಯದಲ್ಲಿ ತಪ್ಪಿದ್ದೂ ಇಲ್ಲಿಯೇ. ಹಳೆಯ ಸಾಲ ಹೋಯಿತು, ಹೊಸ ಸಾಲ ಕೊಡುವವರಿಗೆ ಕಟ್ಟುಪಾಡು ಬರಲಿಲ್ಲ. ಜಾಂಬಿಯಾ 2020ರಲ್ಲಿ ಮತ್ತೆ ಸಾಲ ಕಟ್ಟಲಾಗದ ಸ್ಥಿತಿಗೆ ಬಂತು, ಖಾಸಗಿ ಬಾಂಡುದಾರರೊಂದಿಗೆ ಒಪ್ಪಂದವಾಗಲು 2024 ಆಯಿತು. ಬ್ರಿಟನ್ನಿನಲ್ಲಿ ಮಾತ್ರ ಅಭಿಯಾನಗಾರರು ಬೆನ್ನು ಬಿಡದೆ, ಮನ್ನಾ ಒಪ್ಪಂದದ ಆಚೆ ನಿಂತು ಪೂರ್ಣ ಮೊತ್ತಕ್ಕೆ ದಾವೆ ಹೂಡುವ ನಿಧಿಗಳಿಗೆ ಕಡಿವಾಣ ಹಾಕುವ 2010ರ ಕಾಯ್ದೆಯನ್ನು ಮಾಡಿಸಿಕೊಂಡರು. ಅದು ಒಂದು ವರ್ಷದ ಮಟ್ಟಿಗೆ ಬಂದ ಕಾಯ್ದೆ. 2011ರಲ್ಲಿ ಶಾಶ್ವತವಾಗುವವರೆಗೂ ಪತ್ರ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ.